ಫಿಲಿಪ್ ಫಿಲಿಪ್ಸ್ ಮತ್ತು ‘ಅಮೆರಿಕನ್ ಐಡಲ್’: ಗೆದ್ದ ಗಾಯಕ ಕರಾರಿನಲ್ಲಿ ಸಿಕ್ಕಿಕೊಂಡ ಬಗೆ

2015ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮಿಕ ಆಯುಕ್ತರ ಮುಂದೆ ಒಂದು ಅರ್ಜಿ ಬಂತು. ಅರ್ಜಿದಾರ ಫಿಲಿಪ್ ಫಿಲಿಪ್ಸ್, ‘ಅಮೆರಿಕನ್ ಐಡಲ್’ ಗಾಯನ ಸ್ಪರ್ಧೆಯ 11ನೇ ಸರಣಿಯ ವಿಜೇತ. ಎದುರಾಳಿ ನೈನ್‌ಟೀನ್ ಎಂಟರ್‌ಟೈನ್‌ಮೆಂಟ್, ಅಂದರೆ ಅದೇ ಕಾರ್ಯಕ್ರಮದ ಹಿಂದಿದ್ದ ಕಂಪನಿ. ತನ್ನಿಂದ ಸಹಿ ಹಾಕಿಸಿಕೊಂಡ ಕರಾರುಗಳು ದಬ್ಬಾಳಿಕೆಯವು, ಮ್ಯಾನೇಜರ್ ಎಂದು ಬಂದವರು ಪರವಾನಗಿಯೇ ಇಲ್ಲದೆ ಏಜೆಂಟರ ಕೆಲಸ ಮಾಡಿದ್ದಾರೆ, ಆದ್ದರಿಂದ ಆ ಕರಾರುಗಳನ್ನು ಅನೂರ್ಜಿತಗೊಳಿಸಬೇಕು ಎಂಬುದು ಅರ್ಜಿಯ ಸಾರ. ಫಿಲಿಪ್ಸ್ ಹಿತಕ್ಕಾಗಿಯೇ ದುಡಿದಿದ್ದೇವೆ ಎಂದು ಕಂಪನಿ ಉತ್ತರಿಸಿತು. ಜಗಳ ಮುಗಿಯಲು 2017 ಬರಬೇಕಾಯಿತು.

ಟಿವಿ ಸ್ಪರ್ಧೆ ಗೆದ್ದು ಮರೆಯಾದ ಗಾಯಕರ ಬಗ್ಗೆ ಮಾತು ಬಂದಾಗ ಸಾಮಾನ್ಯವಾಗಿ ಕೇಳಿಬರುವ ವಿವರಣೆ ಎರಡೇ: ಪ್ರತಿಭೆ ಸಾಲದೇ ಹೋಯಿತು, ಇಲ್ಲವೇ ಜನ ಮರೆತರು. ಫಿಲಿಪ್ಸ್ ವಿಷಯದಲ್ಲಿ ಎರಡೂ ನಿಲ್ಲುವುದಿಲ್ಲ. ಅವರ ಹಾಡು ಅಮೆರಿಕದಲ್ಲಿ 50 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅಷ್ಟು ಮಾರಾಟವಾದ ಮೇಲೂ ಅವರು ಆಯುಕ್ತರ ಬಾಗಿಲು ತಟ್ಟಬೇಕಾದದ್ದು ಏಕೆ ಎಂಬುದಕ್ಕೆ ಉತ್ತರ ಸಿಗುವುದು ವೇದಿಕೆಯಲ್ಲಲ್ಲ, ಸ್ಪರ್ಧೆಗೆ ಮೊದಲೇ ಸಹಿಯಾದ ಕಾಗದಗಳಲ್ಲಿ. ಗಾಯಕನ ಪರವಾಗಿ ಚೌಕಾಸಿ ಮಾಡಬೇಕಾದ ಮ್ಯಾನೇಜರ್ ಮತ್ತು ಗಾಯಕನಿಗೆ ಹಣ ಕೊಡಬೇಕಾದ ರೆಕಾರ್ಡಿಂಗ್ ಕಂಪನಿ ಒಂದೇ ಮನೆಯವರಾದರೆ, ಗಾಯಕನ ಪರವಾಗಿ ಮಾತಾಡುವವರು ಯಾರೂ ಉಳಿಯುವುದಿಲ್ಲ. ಮೂಲ ತೊಡಕು ಅದು.

ಮಾದರಿ ಹುಟ್ಟಿದ್ದು

2001ರಲ್ಲಿ ಬ್ರಿಟನ್ನಿನಲ್ಲಿ ‘ಪಾಪ್ ಐಡಲ್’ ಶುರುವಾಯಿತು. ಅದನ್ನು ರೂಪಿಸಿದ ಸೈಮನ್ ಫುಲ್ಲರ್ ಮೂಲತಃ ಕಲಾವಿದರ ಮ್ಯಾನೇಜರ್. ಅವರ ಕಂಪನಿಯೇ ನೈನ್‌ಟೀನ್. 2002ರ ಜೂನ್ 11ರಂದು ಅದೇ ಮಾದರಿ ‘ಅಮೆರಿಕನ್ ಐಡಲ್’ ಹೆಸರಿನಲ್ಲಿ ಫಾಕ್ಸ್ ವಾಹಿನಿಗೆ ಬಂತು. ಟಿವಿ ನಿರ್ಮಾಪಕರೊಬ್ಬರು ಇದನ್ನು ಶುರುಮಾಡಿದ್ದರೆ ಜಾಹೀರಾತು ಹಣಕ್ಕೆ ತೃಪ್ತರಾಗುತ್ತಿದ್ದರೇನೋ. ಮ್ಯಾನೇಜರ್ ಒಬ್ಬರ ಕಣ್ಣಿಗೆ ಬೇರೆಯದೇ ಕಂಡಿತು. ಹೊಸ ಗಾಯಕನೊಬ್ಬನನ್ನು ಜನರಿಗೆ ಪರಿಚಯಿಸಲು ರೆಕಾರ್ಡಿಂಗ್ ಕಂಪನಿಗಳು ಲಕ್ಷಾಂತರ ಡಾಲರ್ ಸುರಿಯುತ್ತವೆ. ಇಲ್ಲಿ ಆ ಪ್ರಚಾರವನ್ನು ಟಿವಿಯೇ ಮಾಡಿಕೊಡುತ್ತದೆ, ಯಾರು ಜನಪ್ರಿಯರು ಎಂಬುದು ಮತಗಳಲ್ಲೇ ಗೊತ್ತಾಗುತ್ತದೆ. ಗೆದ್ದವರ ರೆಕಾರ್ಡಿಂಗ್, ಮ್ಯಾನೇಜ್‌ಮೆಂಟ್, ಅವರ ಹೆಸರಿನ ಸರಕುಗಳ ಮಾರಾಟ ಇವೆಲ್ಲವುಗಳ ಹಕ್ಕು ಮೊದಲೇ ಕೈಯಲ್ಲಿದ್ದರೆ, ಕಾರ್ಯಕ್ರಮ ಮುಗಿದ ಮೇಲೂ ಆದಾಯ ನಿಲ್ಲುವುದಿಲ್ಲ.

2005ರಲ್ಲಿ ಫುಲ್ಲರ್ ನೈನ್‌ಟೀನನ್ನು ಸಿಕೆಎಕ್ಸ್ ಎಂಬ ಕಂಪನಿಗೆ ಮಾರಿದರು. 2010ರಲ್ಲಿ ಅವರೇ ಹೊರಬಿದ್ದು ಬೇರೆ ಸಂಸ್ಥೆ ಕಟ್ಟಿಕೊಂಡರು. 2011ರಲ್ಲಿ ಅಪೊಲೊ ಎಂಬ ಹೂಡಿಕೆ ಸಂಸ್ಥೆ ಸಿಕೆಎಕ್ಸನ್ನು ಕೊಂಡು, ಮುಂದೆ ಅದು ಕೋರ್ ಮೀಡಿಯಾ ಗ್ರೂಪ್ ಆಯಿತು. ಅಂದರೆ 2012ರಲ್ಲಿ ಫಿಲಿಪ್ಸ್ ಗೆಲ್ಲುವ ಹೊತ್ತಿಗೆ ಗಾಯಕರ ಕರಾರುಗಳು ಎರಡು ಸಲ ಕೈಬದಲಾಗಿದ್ದ ಕಂಪನಿಯೊಂದರ ಆಸ್ತಿಪಟ್ಟಿಯಲ್ಲಿದ್ದವು. ಪಾಲುದಾರ ರೆಕಾರ್ಡಿಂಗ್ ಕಂಪನಿಯೂ ಬದಲಾಗಿತ್ತು. ಮೊದಲ 9 ಸರಣಿಗಳ ವಿಜೇತರು ಬಿಎಂಜಿ, ನಂತರ ಸೋನಿಯ ಕಡೆಗೆ ಹೋದರೆ, 2011ರ 10ನೇ ಸರಣಿಯಿಂದ ಯೂನಿವರ್ಸಲ್ ಬಳಗದ ಇಂಟರ್‌ಸ್ಕೋಪ್ ಬಂತು.

ಈ ಹೊತ್ತಿಗಾಗಲೇ ಎಚ್ಚರಿಕೆಯ ಗಂಟೆ ಹಲವು ಸಲ ಬಾರಿಸಿತ್ತು. ಮೊದಲ ಸರಣಿಯ ಕೆಲ್ಲಿ ಕ್ಲಾರ್ಕ್‌ಸನ್ 2007ರಲ್ಲಿ ತಮ್ಮ ಮೂರನೇ ಆಲ್ಬಂ ವಿಷಯದಲ್ಲಿ ರೆಕಾರ್ಡಿಂಗ್ ಕಂಪನಿಯ ಮುಖ್ಯಸ್ಥ ಕ್ಲೈವ್ ಡೇವಿಸ್ ಜೊತೆ ಬಹಿರಂಗವಾಗಿಯೇ ಜಟಾಪಟಿಗೆ ಇಳಿದಿದ್ದರು. 5ನೇ ಸರಣಿಯ ಟೇಲರ್ ಹಿಕ್ಸ್ ಒಂದೇ ಆಲ್ಬಂ ಬಳಿಕ ರೆಕಾರ್ಡಿಂಗ್ ಕಂಪನಿಯ ಆಸರೆ ಕಳೆದುಕೊಂಡರು. 9ನೇ ಸರಣಿಯ ಲೀ ಡಿವೈಝ್‌ಗೂ ಗೆದ್ದ ಮರುವರ್ಷವೇ ಅದೇ ಗತಿ. ಕ್ಲಾರ್ಕ್‌ಸನ್‌ಗೆ ಜಗಳ ಆಡುವ ಶಕ್ತಿ ಬಂದದ್ದು ಎರಡನೇ ಆಲ್ಬಮ್ಮಿನ ಭಾರೀ ಮಾರಾಟದಿಂದ. ಉಳಿದವರಿಗೆ ಆ ಬಲ ಬರುವಷ್ಟು ಸಮಯವೇ ಸಿಗಲಿಲ್ಲ.

ಆರು ತಿಂಗಳು

ಫಿಲಿಪ್ಸ್ ಜಾರ್ಜಿಯಾ ರಾಜ್ಯದವರು. ಮನೆಯವರ ಗಿರವಿ ಅಂಗಡಿಯಲ್ಲಿ ಕೆಲಸ ಮಾಡುತ್ತ ಗಿಟಾರ್ ನುಡಿಸಿಕೊಂಡಿದ್ದವರು. ಸ್ಪರ್ಧೆಯುದ್ದಕ್ಕೂ ಮೂತ್ರಪಿಂಡದ ಕಲ್ಲಿನ ನೋವು ಅವರನ್ನು ಕಾಡಿತು. ಸರಣಿ ನಡೆಯುತ್ತಿದ್ದಾಗಲೇ ಚಿಕಿತ್ಸೆ, ಮುಗಿದ ಕೂಡಲೇ ಶಸ್ತ್ರಚಿಕಿತ್ಸೆ. 2012ರ ಮೇ 23ರಂದು ಅಂತಿಮ ಸುತ್ತಿನಲ್ಲಿ ಜೆಸ್ಸಿಕಾ ಸ್ಯಾಂಚೆಜ್ ವಿರುದ್ಧ ಗೆದ್ದರು. ಆ ರಾತ್ರಿ ಬಿದ್ದ ಮತಗಳು 13 ಕೋಟಿ 20 ಲಕ್ಷ ಎಂದು ಕಾರ್ಯಕ್ರಮದಲ್ಲೇ ಘೋಷಿಸಲಾಯಿತು.

ಮುಂದಿನ ವೇಳಾಪಟ್ಟಿಯನ್ನು ಗಮನಿಸಬೇಕು. ಮೇ ಕೊನೆಗೆ ಗೆಲುವು ಮತ್ತು ಆಸ್ಪತ್ರೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಸ್ಪರ್ಧಿಗಳೆಲ್ಲರ ಜೊತೆ ದೇಶ ಸುತ್ತುವ ಕಾರ್ಯಕ್ರಮ. ನವೆಂಬರ್ 19ಕ್ಕೆ ಮೊದಲ ಆಲ್ಬಂ ಅಂಗಡಿಗೆ. ನಡುವೆ ಇದ್ದದ್ದು ಆರು ತಿಂಗಳಿಗೂ ಕಡಿಮೆ. ಹಾಡು ಬರೆಯುವುದು, ಆರಿಸುವುದು, ಧ್ವನಿಮುದ್ರಣ, ಮಿಕ್ಸಿಂಗ್, ಹೊದಿಕೆ, ಪ್ರಚಾರ ಎಲ್ಲವೂ ಅಷ್ಟರೊಳಗೆ. ಸ್ವಂತವಾಗಿ ಬೆಳೆದು ಬಂದ ಗಾಯಕನಿಗೆ ಮೊದಲ ಆಲ್ಬಂ ಎಂದರೆ ವರ್ಷಗಟ್ಟಲೆ ಕೂಡಿಟ್ಟ ಹಾಡುಗಳ ಬುತ್ತಿ. ಇಲ್ಲಿ ಟಿವಿಯ ಬಿಸಿ ಆರುವ ಮುಂಚೆ ಸರಕು ಇಳಿಸಲೇಬೇಕು ಎಂಬ ಒತ್ತಡ. ಮುಂದಿನ ಸರಣಿ ಜನವರಿಯಲ್ಲಿ ಶುರುವಾಗುತ್ತದೆ, ಆಮೇಲೆ ಹೊಸ ಮುಖಗಳ ಕಾಲ. ಈ ಅವಸರ ಕಂಪನಿಗೆ ಸರಿಹೊಂದುತ್ತದೆ, ಗಾಯಕನಿಗಲ್ಲ.

ಆದರೂ ಆಲ್ಬಂ ಗೆದ್ದಿತು, ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಬಂತು. ಅದಕ್ಕೆ ಮುಖ್ಯ ಕಾರಣ ಗೆದ್ದ ರಾತ್ರಿ ಹಾಡಿದ ‘ಹೋಮ್’. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮಹಿಳಾ ಜಿಮ್ನಾಸ್ಟಿಕ್ಸ್ ತಂಡದ ದೃಶ್ಯಗಳಿಗೆ ಎನ್‌ಬಿಸಿ ವಾಹಿನಿ ಈ ಹಾಡನ್ನು ಬಳಸಿದ್ದೇ ತಡ, ಕುಸಿಯುತ್ತಿದ್ದ ಮಾರಾಟ ಮತ್ತೆ ಏರಿ ಹಾಡು 6ನೇ ಸ್ಥಾನದವರೆಗೂ ಹೋಯಿತು.

ಈ ಹಾಡಿನಿಂದ ಯಾರಿಗೆ ಏನು ಬಂತು ಎಂಬುದನ್ನು ಬಿಡಿಸಿ ನೋಡಿದರೆ ಗೆದ್ದವರ ಕಷ್ಟದ ಅರ್ಧ ಕಾರಣ ಅಲ್ಲೇ ಕಾಣುತ್ತದೆ. ‘ಹೋಮ್’ ಬರೆದವರು ಡ್ರೂ ಪಿಯರ್ಸನ್ ಮತ್ತು ಗ್ರೆಗ್ ಹೋಲ್ಡನ್. ಫಿಲಿಪ್ಸ್ ಹಾಡಿದವರು ಮಾತ್ರ. ಅಮೆರಿಕದಲ್ಲಿ ಆಗ ಪ್ರತಿ ಡೌನ್‌ಲೋಡ್‌ಗೆ ಹಾಡು ಬರೆದವರ ಕಡೆಗೆ ಹೋಗುತ್ತಿದ್ದ ಕಾನೂನುಬದ್ಧ ದರ 9.1 ಸೆಂಟ್. 50 ಲಕ್ಷ ಪ್ರತಿಗೆ ಅದು 4,55,000 ಡಾಲರ್. ಯಾವ ಖರ್ಚಿನ ವಸೂಲಿಗೂ ಕಾಯದೆ, ಮೊದಲ ಪ್ರತಿಯಿಂದಲೇ ಲೆಕ್ಕಕ್ಕೆ ಬರುವ ಹಣ. ರೇಡಿಯೊ ಇನ್ನೂ ವಿಚಿತ್ರ. ಅಮೆರಿಕದ ಎಎಂ, ಎಫ್‌ಎಂ ಕೇಂದ್ರಗಳು ಹಾಡು ಬರೆದವರಿಗೆ ಹಣ ಕೊಡುತ್ತವೆ, ಹಾಡಿದವರಿಗೆ ಏನೂ ಕೊಡುವುದಿಲ್ಲ. ಸಾವಿರ ಸಲ ಪ್ರಸಾರವಾದರೂ ಹಾಡಿದವನ ಪಾಲು ಸೊನ್ನೆ. ಇಂಟರ್ನೆಟ್ ರೇಡಿಯೊ, ಉಪಗ್ರಹ ರೇಡಿಯೊಗಳಲ್ಲಿ ಮಾತ್ರ ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆಯ ಮೂಲಕ 50 ಶೇಕಡಾ ರೆಕಾರ್ಡಿಂಗ್ ಒಡೆಯರಿಗೆ, 45 ಶೇಕಡಾ ಮುಖ್ಯ ಗಾಯಕರಿಗೆ, 5 ಶೇಕಡಾ ಹಿನ್ನೆಲೆ ಕಲಾವಿದರಿಗೆ ಹಂಚಿಕೆಯಾಗುತ್ತದೆ. ಈ 45 ಶೇಕಡಾ ನೇರವಾಗಿ ಗಾಯಕನ ಕೈಗೇ ಬರುತ್ತದೆ, ಕಂಪನಿಯ ಬಾಕಿಗೆ ಜಮೆಯಾಗುವುದಿಲ್ಲ. ಹೊಸಬರು ಎಷ್ಟೋ ಜನ ಅಲ್ಲಿ ಹೆಸರನ್ನೇ ನೋಂದಾಯಿಸಿರುವುದಿಲ್ಲ.

ಉಳಿಯುವುದು ರೆಕಾರ್ಡಿಂಗ್ ರಾಯಲ್ಟಿ, ಅಂದರೆ ಮಾರಾಟದ ಹಣದಲ್ಲಿ ಗಾಯಕನ ಪಾಲು. ಅದು ಗಾಯಕನ ಕೈಗೆ ಬರುವುದು ಖರ್ಚೆಲ್ಲ ವಸೂಲಾದ ಮೇಲೆ. ಇದು ಎಂಥ ಲೆಕ್ಕ ಎಂಬುದನ್ನು ತೋರಿಸಲು ಒಂದು ಕಾಲ್ಪನಿಕ ಉದಾಹರಣೆ ಸಾಕು. ಗಾಯಕನಿಗೆ ಮುಂಗಡ 1,50,000 ಡಾಲರ್, ಧ್ವನಿಮುದ್ರಣಕ್ಕೆ 3,00,000, ವಿಡಿಯೊ ವೆಚ್ಚದ ಅರ್ಧ 50,000, ಪ್ರವಾಸಕ್ಕೆ ಕೊಟ್ಟ ನೆರವು 40,000 ಎಂದಿಟ್ಟುಕೊಳ್ಳಿ. ಒಟ್ಟು 5,40,000 ಡಾಲರ್ ಗಾಯಕನ ಖಾತೆಯಲ್ಲಿ ಬಾಕಿ ಎಂದು ಬರೆಯುತ್ತಾರೆ. ಈ ಬಾಕಿ ತೀರುವುದು ಒಟ್ಟು ಮಾರಾಟದ ಹಣದಿಂದಲ್ಲ, ಗಾಯಕನ ಶೇಕಡಾವಾರು ಪಾಲಿನಿಂದ. ಪಾಲು 18 ಶೇಕಡಾ ಇದ್ದರೆ 30 ಲಕ್ಷ ಡಾಲರ್ ವಹಿವಾಟಾದಾಗ ಬಾಕಿ ಚುಕ್ತಾ. ಆದರೆ ಸ್ಪರ್ಧೆಯ ವಿಜೇತ ನೇರವಾಗಿ ದೊಡ್ಡ ಕಂಪನಿಗೆ ಹಾಡುವುದಿಲ್ಲ. ಅವನ ಕರಾರು ಸ್ಪರ್ಧೆಯವರ ರೆಕಾರ್ಡಿಂಗ್ ಅಂಗಸಂಸ್ಥೆಯ ಜೊತೆ, ಆ ಅಂಗಸಂಸ್ಥೆಯ ಕರಾರು ದೊಡ್ಡ ಕಂಪನಿಯ ಜೊತೆ. ಮಧ್ಯದವರು 18ರಲ್ಲಿ 6 ಇಟ್ಟುಕೊಂಡು 12 ದಾಟಿಸಿದರೆ, ಅದೇ ಬಾಕಿ ತೀರಲು 45 ಲಕ್ಷ ಡಾಲರ್ ವಹಿವಾಟು ಬೇಕು. ದೊಡ್ಡ ಕಂಪನಿ ಅಷ್ಟರಲ್ಲಿ ಎಂದೋ ಲಾಭಕ್ಕೆ ಬಂದಿರುತ್ತದೆ. ಗಾಯಕನ ಖಾತೆ ಮಾತ್ರ ಕೆಂಪಿನಲ್ಲೇ ಇರುತ್ತದೆ. ಎರಡನೇ ಆಲ್ಬಮ್ಮಿನ ಖರ್ಚೂ ಅದೇ ಖಾತೆಗೆ ಸೇರಿ ಬಾಕಿ ಮತ್ತೆ ಬೆಳೆಯುತ್ತದೆ.

ಒಂದೇ ಮನೆಯ ಮ್ಯಾನೇಜರ್

ಇಂಥ ಹೊತ್ತಿನಲ್ಲಿ ಗಾಯಕನ ಬೆನ್ನಿಗಿರಬೇಕಾದವನು ಮ್ಯಾನೇಜರ್. ರಾಯಲ್ಟಿ ಹೇಳಿಕೆಯಲ್ಲಿ ತಪ್ಪಿದ್ದರೆ ಲೆಕ್ಕ ಪರಿಶೋಧನೆಗೆ ಒತ್ತಾಯಿಸುವುದು, ಆಲ್ಬಂ ಅವಸರವಾಯಿತು ಎನಿಸಿದರೆ ತಡೆಯುವುದು, ಪ್ರಾಯೋಜಕರು ಪುಕ್ಕಟೆ ಕಾರ್ಯಕ್ರಮ ಕೇಳಿದರೆ ಇಲ್ಲ ಎನ್ನುವುದು ಅವನ ಕೆಲಸ. ಮ್ಯಾನೇಜರನಿಗೆ ಸಂಬಳ ಕೊಡುವವರೂ ರೆಕಾರ್ಡಿಂಗ್ ಅಂಗಸಂಸ್ಥೆಯವರೂ ಒಬ್ಬರೇ ಆದಾಗ ಈ ಮೂರೂ ಕೆಲಸ ನಿಂತುಹೋಗುತ್ತವೆ. ಯಾರೂ ಕೆಟ್ಟವರಾಗಿರಬೇಕಿಲ್ಲ. ತನ್ನದೇ ಕಂಪನಿಯ ಲೆಕ್ಕ ತಪಾಸಣೆಗೆ ಯಾವ ಮ್ಯಾನೇಜರ್ ನೋಟಿಸ್ ಕೊಡುತ್ತಾನೆ?

ಫಿಲಿಪ್ಸ್ ಅರ್ಜಿಯ ಆರೋಪಗಳು ಇದಕ್ಕೇ ಅಂಟಿಕೊಂಡಿದ್ದವು. ಸ್ಪರ್ಧೆಯ ಪ್ರಾಯೋಜಕ ವಿಮಾನಯಾನ ಕಂಪನಿ ಜೆಟ್‌ಬ್ಲೂಗಾಗಿ ತಾನು ಸಂಭಾವನೆ ಇಲ್ಲದೆ ಹಾಡಬೇಕಾಯಿತು ಎಂದರು. ಜಾಹೀರಾತು ಒಪ್ಪಂದಗಳಂಥ ಕೆಲವು ಆದಾಯಗಳ ಮೇಲೆ 40 ಶೇಕಡಾವರೆಗೆ ಕಮಿಷನ್ ಕಡಿತವಾಯಿತು ಎಂದರು. ತನ್ನ ಆಲ್ಬಮ್ಮಿಗೆ ಇಟ್ಟ ಹೆಸರು ತನಗೇ ತಿಳಿದದ್ದು ಅದು ಬಹಿರಂಗವಾಗಿ ಪ್ರಕಟವಾದ ಮೇಲೆ ಎಂದರು. ಇವು ಅರ್ಜಿಯಲ್ಲಿ ಅವರು ಹೇಳಿದ ಮಾತುಗಳು, ತೀರ್ಪಾಗಿ ಸಾಬೀತಾದವಲ್ಲ. ಆದರೆ ಸಂಗೀತ ವ್ಯವಹಾರ ಬಲ್ಲವರಿಗೆ ಕೊನೆಯದೇ ಹೆಚ್ಚು ನೋಯಿಸುತ್ತದೆ. ಹಣದ ಜಗಳ ಎಲ್ಲೆಡೆ ಇದೆ. ತನ್ನ ಹಾಡುಗಳ ಗೊಂಚಲಿಗೆ ಹೆಸರೇನು ಎಂಬುದನ್ನು ಹಾಡಿದವನು ಸುದ್ದಿಯಲ್ಲಿ ನೋಡಿ ತಿಳಿಯುವುದು ಬೇರೆಯೇ ಬಗೆಯ ಅವಮಾನ.

ಕಮಿಷನ್ ವಿಷಯದಲ್ಲಿ ಅಮೆರಿಕದ ವಾಡಿಕೆ ಹೀಗಿದೆ: ಮ್ಯಾನೇಜರಿಗೆ 15ರಿಂದ 20 ಶೇಕಡಾ, ಕಾರ್ಯಕ್ರಮ ಗೊತ್ತುಮಾಡುವ ಏಜೆಂಟರಿಗೆ 10, ಲೆಕ್ಕಪತ್ರ ನೋಡುವವರಿಗೆ ಸುಮಾರು 5. ಇವು ಯಾವ ಮೊತ್ತದ ಮೇಲೆ ಎಂಬುದೇ ಮುಖ್ಯ. 20,000 ಡಾಲರ್ ಸಿಗುವ ಕಾರ್ಯಕ್ರಮವೊಂದಕ್ಕೆ ವಾದ್ಯದವರು, ತಂತ್ರಜ್ಞರು, ಬಸ್ಸು, ಹೋಟೆಲು ಸೇರಿ 12,000 ಖರ್ಚಾಯಿತು ಎನ್ನೋಣ. ಉಳಿದದ್ದು 8,000. ಎಲ್ಲರೂ ಒಟ್ಟು ಮೊತ್ತದ ಮೇಲೆ ಕಡಿದುಕೊಂಡರೆ ಮ್ಯಾನೇಜರಿಗೆ 4,000, ಏಜೆಂಟರಿಗೆ 2,000, ಲೆಕ್ಕದವರಿಗೆ 1,000 ಹೋಗಿ ಗಾಯಕನಿಗೆ 1,000 ಉಳಿಯುತ್ತದೆ. ಮ್ಯಾನೇಜರನ 20 ಶೇಕಡಾವನ್ನು ಖರ್ಚು ಕಳೆದು ಉಳಿದ 8,000ದ ಮೇಲೆ ಹಾಕಿದರೆ ಅವನಿಗೆ 1,600, ಗಾಯಕನಿಗೆ 3,400. ಕರಾರಿನಲ್ಲಿ ಒಂದು ಪದದ ವ್ಯತ್ಯಾಸ, ಗಾಯಕನ ಆದಾಯದಲ್ಲಿ ಮೂರು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ.

ಮ್ಯಾನೇಜರನೇ ರೆಕಾರ್ಡಿಂಗ್ ಕಂಪನಿಯನ್ನೂ ನಡೆಸುವಾಗ ರೆಕಾರ್ಡಿಂಗ್ ಆದಾಯದ ಮೇಲೆ ಮತ್ತೆ ಮ್ಯಾನೇಜರ್ ಕಮಿಷನ್ ತೆಗೆಯಬಾರದು ಎಂಬುದು ಈ ರಂಗದ ಹಳೆಯ ಸಭ್ಯತೆ. ಅದು ಕಾನೂನಲ್ಲ. ಕರಾರಿನಲ್ಲಿ ಬರೆಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಸ್ಪರ್ಧೆಗೆ ಬಂದವರಿಗೆ ಬರೆಸಿಕೊಳ್ಳುವ ಅವಕಾಶ ಎಷ್ಟಿರುತ್ತದೆ? ಸಹಿ ಬೀಳುವುದು ಗೆಲ್ಲುವ ಮುಂಚೆ, ಕಾರ್ಯಕ್ರಮದೊಳಗೆ ಉಳಿಯಬೇಕಾದರೆ ಹಾಕಲೇಬೇಕಾದ ಸಹಿ. ಕೈಯಲ್ಲಿ ಇನ್ನೂ ಏನೂ ಇಲ್ಲದ 21 ವರ್ಷದ ಹುಡುಗ ತಿದ್ದುಪಡಿ ಕೇಳಿದರೆ, ಅವನ ಹಿಂದೆ ಸಾಲಿನಲ್ಲಿ ನಿಂತವರಿಗೆ ಕೊರತೆ ಇರುವುದಿಲ್ಲ. ಅಪ್ರಾಪ್ತ ವಯಸ್ಸಿನ ಸ್ಪರ್ಧಿಗಳ ಸ್ಥಿತಿಯೇ ಒಂದು ಮಟ್ಟಿಗೆ ವಾಸಿ. ಕ್ಯಾಲಿಫೋರ್ನಿಯಾದಲ್ಲಿ ಅವರ ಕರಾರು ಮುಂದೆ ಮುರಿಯದಂತೆ ಗಟ್ಟಿಯಾಗಬೇಕಾದರೆ ಕಂಪನಿಯೇ ನ್ಯಾಯಾಲಯದ ಒಪ್ಪಿಗೆ ಪಡೆಯಬೇಕು, ಆದಾಯದಲ್ಲಿ ಕನಿಷ್ಠ 15 ಶೇಕಡಾ ಅವರ ಹೆಸರಿನ ಕಾಯ್ದಿಟ್ಟ ಖಾತೆಗೆ ಹೋಗಬೇಕು. ವಯಸ್ಕರ ಕರಾರನ್ನು ಹಾಗೆ ಓದಿನೋಡುವ ನ್ಯಾಯಾಧೀಶರಿಲ್ಲ.

ಕಾನೂನಿನ ಕಿರುದಾರಿ

ಹಾಗಿದ್ದರೆ ಸೀದಾ ನ್ಯಾಯಾಲಯಕ್ಕೆ ಹೋಗದೆ ಕಾರ್ಮಿಕ ಆಯುಕ್ತರ ಬಳಿ ಹೋದದ್ದೇಕೆ? ಕ್ಯಾಲಿಫೋರ್ನಿಯಾದಲ್ಲಿ ಟ್ಯಾಲೆಂಟ್ ಏಜೆನ್ಸೀಸ್ ಆ್ಯಕ್ಟ್ ಎಂಬ ಕಾಯ್ದೆ ಇದೆ. ಕಲಾವಿದರಿಗೆ ಕೆಲಸ ಹುಡುಕಿಕೊಡುವವರು, ಅದಕ್ಕಾಗಿ ಮಾತುಕತೆ ನಡೆಸುವವರು ಆಯುಕ್ತರಿಂದ ಪರವಾನಗಿ ಪಡೆದಿರಬೇಕು, 50,000 ಡಾಲರ್ ಭದ್ರತಾ ಬಾಂಡ್ ಇಡಬೇಕು, ತಮ್ಮ ಶುಲ್ಕದ ಪಟ್ಟಿಯನ್ನು ಸಲ್ಲಿಸಬೇಕು. ಮ್ಯಾನೇಜರ್ ಸಲಹೆ ಕೊಡಬಹುದು, ದಾರಿ ತೋರಿಸಬಹುದು. ಟಿವಿ ಕಾರ್ಯಕ್ರಮವನ್ನೋ ಸಂಗೀತ ಕಛೇರಿಯನ್ನೋ ತಾನೇ ಗೊತ್ತುಮಾಡಿದರೆ ಅದು ಪರವಾನಗಿ ಬೇಕಾದ ಕೆಲಸ. ಪರವಾನಗಿ ಇರುವ ಏಜೆಂಟರು ಕೇಳಿಕೊಂಡಾಗ ಅವರ ಜೊತೆಗೂಡಿ ಮಾತಾಡಬಹುದು, ಅಷ್ಟೇ. ರೆಕಾರ್ಡಿಂಗ್ ಕರಾರು ಕೊಡಿಸುವುದಕ್ಕೆ ಮಾತ್ರ 1980ರ ದಶಕದಲ್ಲಿ ವಿನಾಯಿತಿ ಕೊಟ್ಟಿದ್ದಾರೆ.

ಈ ಕಾಯ್ದೆಯಡಿಯ ತಕರಾರುಗಳನ್ನು ಮೊದಲು ಕೇಳಬೇಕಾದವರು ಆಯುಕ್ತರೇ. ಉಲ್ಲಂಘನೆ ಸಾಬೀತಾದರೆ ಕರಾರನ್ನೇ ಆದಿಯಿಂದ ಅನೂರ್ಜಿತಗೊಳಿಸುವ ಅಧಿಕಾರ ಅವರಿಗಿದೆ. ದುಬಾರಿ ವಕೀಲರ ಪಡೆ, ಜ್ಯೂರಿ ಇಲ್ಲದೆ ಇಡೀ ಕಾಗದವೇ ಬಿದ್ದುಹೋಗುವ ಸಾಧ್ಯತೆ ಇರುವುದರಿಂದ ಕಲಾವಿದರ ಪರ ವಕೀಲರು ಈ ದಾರಿಯನ್ನು ಬಹಳ ಕಾಲದಿಂದ ಬಳಸುತ್ತಾ ಬಂದಿದ್ದಾರೆ. ಆದರೆ ದಾರಿ ಕಿರಿದು. ಉಲ್ಲಂಘನೆ ನಡೆದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. 2008ರಲ್ಲಿ ನಟಿ ರೋಸಾ ಬ್ಲಾಸಿ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಕಾನೂನುಬಾಹಿರ ಭಾಗವನ್ನಷ್ಟೇ ಕತ್ತರಿಸಿ ಉಳಿದ ಕರಾರನ್ನು ಉಳಿಸಿಕೊಳ್ಳಲೂಬಹುದು ಎಂದಿತು. ಅಲ್ಲಿಂದ ಇಡೀ ಕರಾರು ಬೀಳುತ್ತದೆ ಎಂಬ ಭರವಸೆ ತೆಳುವಾಯಿತು. ಆಯುಕ್ತರ ತೀರ್ಮಾನ ಒಪ್ಪದವರು 10 ದಿನದೊಳಗೆ ನ್ಯಾಯಾಲಯಕ್ಕೆ ಹೋಗಿ ಎಲ್ಲವನ್ನೂ ಮೊದಲಿಂದ ವಿಚಾರಣೆ ಮಾಡಿಸಬಹುದು.

ಇನ್ನೊಂದು ಅಸ್ತ್ರ ಏಳು ವರ್ಷದ ನಿಯಮ: ಆ ರಾಜ್ಯದಲ್ಲಿ ಯಾರನ್ನೂ ವೈಯಕ್ತಿಕ ಸೇವೆಯ ಕರಾರಿನಲ್ಲಿ ಏಳು ವರ್ಷಕ್ಕಿಂತ ಹೆಚ್ಚು ಕಟ್ಟಿಹಾಕುವಂತಿಲ್ಲ. ಗಾಯಕರಿಗೆ ಮಾತ್ರ 1987ರ ತಿದ್ದುಪಡಿ ಅಡ್ಡಬರುತ್ತದೆ, ಕೊಡಬೇಕಾಗಿದ್ದ ಆಲ್ಬಂ ಕೊಡದೆ ಹೊರಟರೆ ಕಂಪನಿ ನಷ್ಟಪರಿಹಾರ ಕೇಳಬಹುದು. ಗೆದ್ದು ಮೂರು ವರ್ಷವೂ ಆಗದ ಫಿಲಿಪ್ಸ್‌ಗೆ ಇದರಿಂದ ಉಪಯೋಗವಿರಲಿಲ್ಲ.

ಇದೇ ನೈನ್‌ಟೀನ್ ಕಂಪನಿ 2014ರ ಫೆಬ್ರವರಿಯಲ್ಲಿ ಸೋನಿ ಮ್ಯೂಸಿಕ್ ಮೇಲೆ ದಾವೆ ಹೂಡಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಕ್ಲಾರ್ಕ್‌ಸನ್, ಕ್ಯಾರಿ ಅಂಡರ್‌ವುಡ್, ಕ್ರಿಸ್ ಡಾಟ್ರಿ ಮುಂತಾದವರ ಹಾಡುಗಳ ಸ್ಟ್ರೀಮಿಂಗ್ ಆದಾಯವನ್ನು ಸೋನಿ ‘ಮಾರಾಟ’ ಎಂದು ಬರೆದು ಕಡಿಮೆ ದರ ಕೊಟ್ಟಿದೆ, ಕರಾರಿನ ಪ್ರಕಾರ ಅದು ‘ಪ್ರಸಾರ’, ಹೆಚ್ಚಿನ ಪಾಲು ಬರಬೇಕು ಎಂಬುದು ವಾದ. 2010ರಲ್ಲಿ ರ‍್ಯಾಪ್ ಗಾಯಕ ಎಮಿನೆಮ್ ಹಾಡುಗಳ ಡೌನ್‌ಲೋಡ್ ವಿಷಯದಲ್ಲಿ ಮೇಲ್ಮನವಿ ನ್ಯಾಯಾಲಯ ಇಂಥದೇ ಪದದ ಮೇಲೆ ನಿರ್ಮಾಪಕರ ಪರ ತೀರ್ಪು ಕೊಟ್ಟಿತ್ತು. ಗಾಯಕರ ರಾಯಲ್ಟಿ ಲೆಕ್ಕದಲ್ಲಿ ಏನೇನು ತಪ್ಪಬಹುದು ಎಂಬುದು ಕಂಪನಿಗೆ ಚೆನ್ನಾಗಿಯೇ ಗೊತ್ತಿತ್ತು ಎಂಬುದಕ್ಕೆ ಆ ದಾವೆಯೇ ಸಾಕ್ಷಿ.

ದಿವಾಳಿ, ರಾಜಿ

ಫಿಲಿಪ್ಸ್ ಎರಡನೇ ಆಲ್ಬಂ ‘ಬಿಹೈಂಡ್ ದ ಲೈಟ್’ 2014ರ ಮೇನಲ್ಲಿ ಬಂದು 7ನೇ ಸ್ಥಾನದಲ್ಲಿ ನಿಂತಿತು, ಮಾರಾಟ ಮೊದಲಿನದಕ್ಕಿಂತ ಬಹಳ ಇಳಿದಿತ್ತು. ಮರುವರ್ಷದ ಆರಂಭದಲ್ಲಿ ಅರ್ಜಿ. ಅರ್ಜಿ ನಡೆಯುತ್ತಿರುವಾಗಲೇ 2016ರ ಏಪ್ರಿಲ್ 7ರಂದು ಫಾಕ್ಸ್‌ನಲ್ಲಿ ‘ಅಮೆರಿಕನ್ ಐಡಲ್’ ಮುಗಿಯಿತು. ಅದೇ ತಿಂಗಳ ಕೊನೆಗೆ, ನೈನ್‌ಟೀನ್ ಸೇರಿದ್ದ ಕೋರ್ ಸಮೂಹದ ಕಂಪನಿಗಳು ದಿವಾಳಿ ಕಾನೂನಿನ 11ನೇ ಅಧ್ಯಾಯದಡಿ ರಕ್ಷಣೆ ಕೋರಿದವು.

ಇದರ ಪರಿಣಾಮ ಗಾಯಕರ ಮೇಲೆ ಏನು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ದಿವಾಳಿ ಅರ್ಜಿ ಬಿದ್ದ ಕ್ಷಣದಿಂದ ಆ ಕಂಪನಿಯ ಮೇಲಿನ ದಾವೆ, ವಸೂಲಿ ಎಲ್ಲಕ್ಕೂ ತಾನಾಗಿಯೇ ತಡೆ ಬೀಳುತ್ತದೆ. ದಿವಾಳಿ ನ್ಯಾಯಾಲಯ ತಡೆ ಸಡಿಲಿಸಿದರಷ್ಟೇ ಬೇರೆ ಕಡೆಯ ವಿಚಾರಣೆ ಮುಂದುವರಿಯುತ್ತದೆ. ಬಾಕಿ ಬರಬೇಕಾದ ಗಾಯಕ ಭದ್ರತೆ ಇಲ್ಲದೆ ಸಾಲ ಕೊಟ್ಟವರ ಸಾಲಿಗೆ ಸೇರುತ್ತಾನೆ, ಬ್ಯಾಂಕುಗಳ ಪಾಲು ತೀರಿದ ಮೇಲೆ ಉಳಿದರೆ ಅವನಿಗೆ. ಜೊತೆಗೆ, ನಡೆಯುತ್ತಿರುವ ಕರಾರುಗಳಲ್ಲಿ ಲಾಭದ್ದನ್ನು ಉಳಿಸಿಕೊಂಡು ಹೊರೆಯಾದದ್ದನ್ನು ಬಿಟ್ಟುಬಿಡುವ ಆಯ್ಕೆ ಕಂಪನಿಗೆ ಇರುತ್ತದೆ. ಕಲಾವಿದರೇ ಈ ಕಾನೂನನ್ನು ತಮ್ಮ ಪರ ಬಳಸಿದ್ದೂ ಇದೆ. 1995ರಲ್ಲಿ ಟಿಎಲ್‌ಸಿ ಎಂಬ ಗಾಯಕಿಯರ ತಂಡದವರು ದಿವಾಳಿ ಅರ್ಜಿ ಹಾಕಿದ್ದು ಕರಾರಿನ ಜಗಳದ ನಡುವೆಯೇ. ಇಲ್ಲಿ ಅದು ತಿರುಗಿ ಕುಳಿತಿತ್ತು.

2017ರಲ್ಲಿ ಎರಡೂ ಕಡೆಯವರು ರಾಜಿಯಾದರು. ಹಾಗಾಗಿ ಫಿಲಿಪ್ಸ್ ಎತ್ತಿದ ಪ್ರಶ್ನೆಗಳಿಗೆ ಮುಂದಿನವರು ಆಧಾರವಾಗಿ ಹಿಡಿಯಬಹುದಾದ ತೀರ್ಪು ಸಿಗದೇ ಹೋಯಿತು. ಗಾಯಕನೊಬ್ಬ ವರ್ಷಗಟ್ಟಲೆ ಕಾದಾಡುತ್ತ ಕೂರಬೇಕು ಎಂದು ಹೊರಗಿನವರು ಹೇಳುವಂತಿಲ್ಲ, ಆದರೂ ಇದು ದೊಡ್ಡ ನಷ್ಟ. ಮೂರನೇ ಆಲ್ಬಂ ‘ಕೊಲ್ಯಾಟರಲ್’ ಬಂದದ್ದು 2018ರ ಜನವರಿ 19ರಂದು, ಎರಡನೆಯದಾಗಿ ಮೂರು ವರ್ಷ ಎಂಟು ತಿಂಗಳ ಮೇಲೆ. ಜನಪ್ರಿಯ ಸಂಗೀತದಲ್ಲಿ 23ನೇ ವಯಸ್ಸಿನಿಂದ 27ರವರೆಗಿನ ಅವಧಿ ಸಣ್ಣದಲ್ಲ. ನಾಲ್ಕನೆಯದು ‘ಡ್ರಿಫ್ಟ್ ಬ್ಯಾಕ್’, 2023ರಲ್ಲಿ ಬಂತು. ಅಷ್ಟರೊಳಗೆ, 2018ರ ಮಾರ್ಚ್‌ನಲ್ಲಿ, ಸ್ಪರ್ಧೆ ಎಬಿಸಿ ವಾಹಿನಿಯಲ್ಲಿ ಮತ್ತೆ ಶುರುವಾಗಿತ್ತು.

ಕಂಪನಿ ಕೈಬಿಟ್ಟರೆ ಎಲ್ಲವೂ ಮುಗಿಯಿತು ಎಂದೂ ಅಲ್ಲ. 10ನೇ ಸರಣಿಯ ಸ್ಕಾಟಿ ಮೆಕ್‌ಕ್ರೀರಿಯನ್ನು 2016ರಲ್ಲಿ ಅವರ ಕಂಪನಿ ಬಿಟ್ಟಿತು. ತಾವೇ ಸಹಬರವಣಿಗೆ ಮಾಡಿದ ‘ಫೈವ್ ಮೋರ್ ಮಿನಿಟ್ಸ್’ ಯಾವ ಕಂಪನಿಯ ಬೆಂಬಲವೂ ಇಲ್ಲದೆ ಕಂಟ್ರಿ ಸಂಗೀತದ ರೇಡಿಯೊ ಪಟ್ಟಿ ಹತ್ತಿ, ಹೊಸ ಕಂಪನಿ ಸಿಕ್ಕ ಮೇಲೆ 2018ರಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಹಾಡಿನ ಬರವಣಿಗೆಯಲ್ಲೂ ಪಾಲಿದ್ದುದರಿಂದ ರೇಡಿಯೊ ಹಣವೂ ಅವರಿಗೆ ಬರುವಂತಾಯಿತು.

ಕರಾರಿನಲ್ಲಿ ನೋಡಬೇಕಾದ ಜಾಗಗಳು

ಯಾವ ದೇಶದ ಸ್ಪರ್ಧೆಯೇ ಆಗಲಿ, ತೊಂದರೆ ಹುಟ್ಟುವ ಕಲಮುಗಳು ಹೆಚ್ಚುಕಡಿಮೆ ಅವೇ. ಆಲ್ಬಂ ಸಂಖ್ಯೆಯ ಆಯ್ಕೆ ಯಾರದು ಎಂಬುದು ಮೊದಲು. ‘ಆರು ಆಲ್ಬಂ ಕರಾರು’ ಎಂದು ಸಂಭ್ರಮಿಸುವವರು, ಆರನ್ನೂ ಹೊರತರುವ ಬದ್ಧತೆ ಕಂಪನಿಗಿಲ್ಲ, ಆರರವರೆಗೂ ಬಿಟ್ಟುಹೋಗುವಂತಿಲ್ಲ ಎಂಬ ಬದ್ಧತೆ ತಮಗಿದೆ ಎಂಬುದನ್ನು ಗಮನಿಸಿರುವುದಿಲ್ಲ. ಇದರ ಜೋಡಿ ಕಲಮು, ಒಪ್ಪಿಸಿದ ಹಾಡುಗಳು ‘ವಾಣಿಜ್ಯಿಕವಾಗಿ ತೃಪ್ತಿಕರ’ ಆಗಿರಬೇಕು ಎಂಬುದು. ತೃಪ್ತಿ ಇಲ್ಲ ಎಂದು ಕಂಪನಿ ಹೇಳಿದಷ್ಟು ಸಲ ಗಡಿಯಾರ ನಿಲ್ಲುತ್ತದೆ, ಗಾಯಕ ಬೇರೆಡೆ ಹಾಡುವಂತಿಲ್ಲ, ಇಲ್ಲೂ ಬಿಡುಗಡೆಯಿಲ್ಲ. ‘ತಾಂತ್ರಿಕವಾಗಿ ತೃಪ್ತಿಕರ’ ಎಂದು ತಿದ್ದಿಸಿ, ಒಪ್ಪಿಸಿದ ಇಂತಿಷ್ಟು ದಿನದೊಳಗೆ ಹೊರತರದಿದ್ದರೆ ಕರಾರು ಮುಗಿಯುತ್ತದೆ ಎಂದು ಸೇರಿಸಿದರೆ ಈ ಗಂಟು ಬಹುಮಟ್ಟಿಗೆ ಸಡಿಲವಾಗುತ್ತದೆ.

ಮ್ಯಾನೇಜರ್ ಕರಾರಿನಲ್ಲಿ ಕಂಪನಿಯ ಹೆಸರಷ್ಟೇ ಇದ್ದರೆ ಸಾಲದು, ನೋಡಿಕೊಳ್ಳುವ ವ್ಯಕ್ತಿಯ ಹೆಸರೂ ಇರಬೇಕು, ಆ ವ್ಯಕ್ತಿ ಹೋದರೆ ಗಾಯಕನೂ ಹೋಗಬಹುದು ಎಂದಿರಬೇಕು. ಕಂಪನಿ ಎರಡೆರಡು ಸಲ ಮಾರಾಟವಾದ ನೈನ್‌ಟೀನ್ ಚರಿತ್ರೆಯೇ ಇದಕ್ಕೆ ಕಾರಣ ಹೇಳುತ್ತದೆ. ಸಂಬಂಧ ಮುಗಿದ ಮೇಲೂ ಹಳೆಯ ಮ್ಯಾನೇಜರಿಗೆ ಹೋಗುವ ಕಮಿಷನ್ನಿಗೆ ಇಳಿಮುಖದ ಪಟ್ಟಿ ಬೇಕು. ಮೊದಲ ವರ್ಷ ಪೂರ್ತಿ, ಮುಂದೆ ಅರ್ಧ, ಆಮೇಲೆ ಕಾಲು, ಕೊನೆಗೆ ಇಲ್ಲ ಎಂಬಂತೆ. ಇಲ್ಲದಿದ್ದರೆ ಹಳಬರಿಗೂ ಹೊಸಬರಿಗೂ ಒಟ್ಟಿಗೆ ಕೊಡುತ್ತ ಕೂರಬೇಕಾಗುತ್ತದೆ. ಹಾಡುಗಳನ್ನು ಮತ್ತೆ ಹಾಡಿ ಮುದ್ರಿಸುವುದಕ್ಕೆ ನಿಷೇಧ ಬಹುಕಾಲ ಸಾಮಾನ್ಯವಾಗಿ ಇದ್ದದ್ದು ಬಿಡುಗಡೆಯಿಂದ 5 ವರ್ಷ ಅಥವಾ ಕರಾರು ಮುಗಿದು 2 ವರ್ಷ, ಯಾವುದು ತಡವೋ ಅದು.

ಸಂಬಂಧವೇ ಇಲ್ಲದ ಸ್ವತಂತ್ರ ವಕೀಲರು ಓದಬೇಕು, ಅದೂ ಸಹಿಗೆ ಮುಂಚೆ. ಸ್ಪರ್ಧೆಯವರೇ ಸೂಚಿಸಿದ ಪಟ್ಟಿಯಿಂದ ವಕೀಲರನ್ನು ಆರಿಸುವುದು ಆ ಕೆಲಸಕ್ಕೆ ಬಾರದು. ಇಡೀ ಕರಾರು ತಿದ್ದಿಸಲು ಆಗದಿದ್ದರೂ ಮ್ಯಾನೇಜ್‌ಮೆಂಟ್ ಕರಾರನ್ನು ರೆಕಾರ್ಡಿಂಗ್ ಕರಾರಿನಿಂದ ಬೇರ್ಪಡಿಸಿ, ಗೆದ್ದ ಮೇಲೆ ಹೊರಗಿನ ಮ್ಯಾನೇಜರನ್ನು ಇಟ್ಟುಕೊಳ್ಳುವ ಹಕ್ಕನ್ನಷ್ಟಾದರೂ ಉಳಿಸಿಕೊಳ್ಳಬೇಕು. ಬೇರೆಲ್ಲ ತಿದ್ದುಪಡಿಗಿಂತ ಇದೇ ಹೆಚ್ಚು ಬೆಲೆಬಾಳುವುದು. ರಾಯಲ್ಟಿ ಹೇಳಿಕೆ ಬಂದ ದಿನಾಂಕವನ್ನು ಬರೆದಿಟ್ಟುಕೊಳ್ಳುವುದೂ ಮುಖ್ಯ. ಹೇಳಿಕೆಗೆ ಆಕ್ಷೇಪಿಸಲು ಕರಾರುಗಳು ಸಾಮಾನ್ಯವಾಗಿ ಎರಡು ಮೂರು ವರ್ಷದ ಗಡುವಷ್ಟೇ ಕೊಡುತ್ತವೆ. ಆ ಗಡುವು ದಾಟಿದ ಮೇಲೆ ಲೆಕ್ಕ ತಪ್ಪಿದ್ದರೂ ಕಾಗದದ ಮಟ್ಟಿಗೆ ಅದು ಸರಿಯಾದ ಲೆಕ್ಕವೇ.